ಕಾಡತೂಸು ಕೂಡಿಡುವುದನ್ನು ಬಿಡೋಣ

ಮಾನ್ಯ ಸಂಪಾದಕರೇ,

ಗುರಿ ಹೊಡೆಯುವ ಹವ್ಯಾಸದಲ್ಲಿ ಇಪ್ಪತ್ತು ವರ್ಷ ಕಳೆದವನು ನಾನು. ಕಾಡತೂಸುಗಳ ಅಭಾವ, ಬೆಲೆ ಏರಿಕೆ ನನಗೂ ತಟ್ಟಿದೆ. ಆದರೆ ಅದರ ನಿಜವಾದ ಹೊಡೆತ ಬಿದ್ದಿರುವುದು ಈಗಷ್ಟೇ ರೈಫಲ್ ಹಿಡಿಯಲು ಕಲಿಯುತ್ತಿರುವ ಮಕ್ಕಳ ಮೇಲೆ.

ಕಳೆದ ವಾರ ಗುರಿ ಅಭ್ಯಾಸದ ರೇಂಜಿನಲ್ಲಿ ನನ್ನ ಪಕ್ಕದಲ್ಲಿದ್ದ ಹುಡುಗಿ ಐವತ್ತರ ಪೆಟ್ಟಿಗೆಯಿಂದ ಹದಿನೈದು ಕಾಡತೂಸುಗಳನ್ನು ಎಣಿಸಿ ತೆಗೆದು, ಉಳಿದವನ್ನು ಚೀಲಕ್ಕೆ ಸೇರಿಸಿದಳು. ಹದಿನೈದೂ ಮುಗಿದ ಮೇಲೆ ಖಾಲಿ ರೈಫಲ್ ಹಿಡಿದೇ ಅರ್ಧ ಗಂಟೆ ಟ್ರಿಗರ್ ಒತ್ತುವ ಅಭ್ಯಾಸ ಮಾಡಿದಳು. ಅದರಿಂದ ಬೆರಳು ಪಳಗುತ್ತದೆ, ಒಪ್ಪುತ್ತೇನೆ. ಆದರೆ ಗುಂಡು ಹೊರಟ ಕ್ಷಣದಲ್ಲಿ ನಳಿಗೆ ಕದಲುವ ಬಗೆಯನ್ನಾಗಲಿ, ಗಾಳಿ ಗುಂಡನ್ನು ಪಕ್ಕಕ್ಕೆ ಸರಿಸುವ ಬಗೆಯನ್ನಾಗಲಿ ಖಾಲಿ ನಳಿಗೆ ಹೇಗೆ ಕಲಿಸೀತು? 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿಲಿಮೀಟರ್. ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಗಳ ಅರ್ಹತಾ ಸುತ್ತಿಗೇ 60 ಗುಂಡು ಬೇಕು.

ಅಗಲ ನಳಿಗೆಯ, ದೊಡ್ಡ ಕ್ಯಾಲಿಬರ್‌ನವರು ಖಾಲಿ ಹಿತ್ತಾಳೆ ಕವಚಗಳನ್ನು ಆಯ್ದು ಮತ್ತೆ ತುಂಬಿಕೊಳ್ಳುತ್ತಾರೆ. ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಅಂದರೆ ಪ್ರೈಮರ್, ಸಿಕ್ಕದೆ ಅವರೂ ಪರದಾಡುತ್ತಾರೆ, ಆ ಮಾತು ಬೇರೆ. ಕಲಿಯುವವರು ಬಳಸುವ ಸಣ್ಣ ಅಳತೆಯ .22 ಕಾಡತೂಸಿಗೆ ಆ ದಾರಿಯೂ ಮುಚ್ಚಿದೆ. ಕಿಡಿ ಹೊತ್ತಿಸುವ ಮದ್ದು ಅದರ ಕವಚದ ತಳದ ಅಂಚಿನೊಳಗೇ ಇರುತ್ತದೆ. ಟ್ರಿಗರ್ ಒತ್ತಿದಾಗ ಮುನ್ನುಗ್ಗುವ ಫೈರಿಂಗ್ ಪಿನ್ ಬಡಿದೊಡನೆ ಅಂಚು ಜಜ್ಜಿಹೋಗುತ್ತದೆ. ಹಾರಿಸಿದ್ದು ಹೋಯಿತು, ಅಷ್ಟೇ.

ಅಭಾವಕ್ಕೆ ದೊಡ್ಡ ಕಾರಣಗಳಿವೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಜನ ಗಾಬರಿಯಿಂದ ಖರೀದಿಗೆ ಮುಗಿಬಿದ್ದರು. 2022ರಲ್ಲಿ ಉಕ್ರೇನ್ ಯುದ್ಧ ಹೊತ್ತಿಕೊಂಡಿತು. ಹತ್ತಿಬೀಜಕ್ಕೆ ಅಂಟಿಕೊಂಡ ಕಿರು ಎಳೆಗಳಿಂದ ತಯಾರಾಗುವ ನೈಟ್ರೊಸೆಲ್ಯುಲೋಸ್ ನಮ್ಮ ಕಾಡತೂಸಿನ ಮದ್ದಿಗೂ ಬೇಕು, ಫಿರಂಗಿಯ ಮದ್ದಿಗೂ ಬೇಕು. ನಮಗೆ ಸಾಕಾಗುವುದು ಗ್ರಾಂನ ಹತ್ತನೇ ಒಂದು ಭಾಗ. ಫಿರಂಗಿಗೆ ಒಂದೊಂದು ಹೊಡೆತಕ್ಕೂ ಕಿಲೋಗಟ್ಟಲೆ. ಯುದ್ಧದ ಎದುರು ನಮ್ಮ ಆಟ ಸರದಿಯಲ್ಲಿ ಹಿಂದೆ ನಿಲ್ಲಬೇಕಾಗುತ್ತದೆ, ಅದಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ನಮ್ಮವರ ಮೇಲೆಯೇ. ಸರಕು ಬಂತೆಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಕಪಾಟು ತುಂಬಿದವರೇ ಮೊದಲು ಅಂಗಡಿಯ ಬಾಗಿಲಲ್ಲಿರುತ್ತಾರೆ. ಸ್ಪರ್ಧಿಗಳು ತಮ್ಮ ನಳಿಗೆಗೆ ಹೊಂದುವ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಪರೀಕ್ಷಿಸಿ ಒಂದು ವರ್ಷಕ್ಕಾಗುವಷ್ಟು ಕೊಳ್ಳುವುದನ್ನು ನಾನು ತಪ್ಪೆನ್ನುವುದಿಲ್ಲ. ವರ್ಷಕ್ಕೆ ನಾಲ್ಕು ಬಾರಿ ರೇಂಜಿಗೆ ಬರುವವರಿಗೆ ಸಾವಿರಗಟ್ಟಲೆ ಏಕೆ? ನಾಳೆ ಸಿಗುತ್ತದೋ ಇಲ್ಲವೋ ಎಂಬ ಈ ಭಯದ ಖರೀದಿಯೇ ಬೆಲೆಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತಿದೆ.

ರೇಂಜುಗಳು ಒಟ್ಟಾಗಿ ಖರೀದಿಸಲಿ. ಅಂದು ಹಾರಿಸುವಷ್ಟನ್ನು ಮಾತ್ರ, ಕೊಂಡ ಬೆಲೆಗೇ, ಕಾನೂನಿನಂತೆ ದಾಖಲೆ ಇಟ್ಟು ಅಲ್ಲಿಯೇ ಕೊಡಲಿ. ಮೊದಲ ಪಾಲು ಕಿರಿಯರಿಗಿರಲಿ. ಈ ವರ್ಷ ನನಗೆ ಮೀಸಲಿರುವ ಪಾಲನ್ನು ಅವರಿಗೆ ಹಂಚಬೇಕೆಂದು ನಮ್ಮ ರೇಂಜಿನ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ.

ಇಂತಿ,
ಒಬ್ಬ ಹವ್ಯಾಸಿ ಶೂಟರ್