ಕಾಣದ ಪೀಕು, ಮತ್ತು ನಾನು ಕಂಡ ಸುಳ್ಳು ಎಲೆಕ್ಟ್ರಾನ್

ಪ್ರೀತಿಯ ಪುಟ್ಟಿ,

ಅಣುವಿನ ಪ್ರೋಟಾನ್‌ಗಳನ್ನು ಪೀಕುಗಳಾಗಿ ತೋರಿಸುವ ಎನ್‌ಎಂಆರ್‌ನಲ್ಲಿ ಏನೂ ಕಾಣಿಸ್ತಿಲ್ಲ, ಕಾಂಪೌಂಡ್ ಹಾಳಾಗಿರಬೇಕು ಅಂತ ಬರೆದಿದ್ದೀಯ. ಅದನ್ನು ಇನ್ನೂ ಎಸೆದಿಲ್ಲ ತಾನೇ? ಅದು ಕೋಬಾಲ್ಟ್(II), ಹೈ ಸ್ಪಿನ್, ಅಂದರೆ ಎಲೆಕ್ಟ್ರಾನ್‌ಗಳು ಆದಷ್ಟೂ ಜೋಡಿಯಾಗದೆ ಉಳಿದ ಸ್ಥಿತಿ. ಜೋಡಿಯಿಲ್ಲದ ಮೂರು ಎಲೆಕ್ಟ್ರಾನ್ ಇರುತ್ತವೆ. ಒಂದು ಎಲೆಕ್ಟ್ರಾನಿನ ಕಾಂತಬಲ (ಮೊಮೆಂಟ್) ಪ್ರೋಟಾನಿನದಕ್ಕಿಂತ ಸುಮಾರು 658 ಪಟ್ಟು ಜಾಸ್ತಿ. ಅಂಥದ್ದು ಪಕ್ಕದಲ್ಲಿದ್ದರೆ ಪೀಕು ಸುಮ್ನೆ ಮಾಮೂಲಿ 0ಯಿಂದ 12 ಪಿಪಿಎಂ (ಪೀಕಿನ ಜಾಗ ಹೇಳುವ ಅಳತೆ) ಒಳಗೆ ಕೂತಿರುತ್ತಾ? −200ರಿಂದ 300ರವರೆಗೆ ನೋಡು. ಈ ಪ್ರೋಟಾನ್‌ಗಳು ಬೇಗ ರಿಲ್ಯಾಕ್ಸ್ ಆಗುವುದರಿಂದ (ಮೊದಲಿನ ಸ್ಥಿತಿಗೆ ಮರಳುವುದರಿಂದ) ಸ್ಕ್ಯಾನ್‌ಗಳ ನಡುವೆ ಸೆಕೆಂಡ್‌ಗಟ್ಟಲೆ ಕಾಯುವುದೂ ಬೇಡ. ಹತ್ತು ನಿಮಿಷದಲ್ಲಿ ಕೆಲವು ಸಾವಿರ ಸ್ಕ್ಯಾನ್ ಮುಗಿಯುತ್ತದೆ. ಬೇಸ್‌ಲೈನ್ ಉಬ್ಬಿದ ಹಾಗೆ ಕಂಡ ಕಡೆ ಅದನ್ನು ಸವರಿ ನೇರ ಮಾಡಬೇಡ, ಅದೇ ನಿನ್ನ ಪೀಕು ಇದ್ದೀತು.

ಪೀಕು ಸಿಕ್ಕಿದ ಮೇಲೆ, ಅದು ಯಾರ ದೆಸೆಯಿಂದ ಸರಿದಿದೆ ಅಂತ ಕೇಳಿಕೋ. ಲೋಹದ ಹತ್ತಿರ ಇರುವುದರಿಂದ ಆಗುವ ಶಿಫ್ಟ್ ಬೇರೆ, ಇಡೀ ದ್ರಾವಣ ಚೂರು ಕಾಂತವಾಗಿ ಆಗುವ ಶಿಫ್ಟ್ ಬೇರೆ. ಎರಡನೆಯದು ಲೋಹದ ತಂಟೆಗೇ ಹೋಗದ ಸಾಲ್ವೆಂಟನ್ನೂ ಬಿಡುವುದಿಲ್ಲ. ರೆಫರೆನ್ಸ್, ಅಂದರೆ ಹೋಲಿಸಿ ಅಳೆಯಲು ಹಾಕುವ ವಸ್ತು, ಅದೇ ದ್ರಾವಣದಲ್ಲಿ ಕರಗಿದ್ದರೆ ಅದೂ ಜೊತೆಗೇ ಸರಿಯುತ್ತದೆ, ಲೆಕ್ಕ ಚುಕ್ತಾ. ಬೇರೆ ಟ್ಯೂಬಿನಲ್ಲಿದ್ದರೆ ಇಲ್ಲ.

1959ರಲ್ಲಿ ಇವಾನ್ಸ್ ಅನ್ನುವ ರಸಾಯನಶಾಸ್ತ್ರಜ್ಞ ಇದನ್ನೇ ಅಳತೆಗೆ ಬಳಸಿಕೊಂಡದ್ದು. ದೊಡ್ಡ ಟ್ಯೂಬಿನಲ್ಲಿ ನಿನ್ನ ದ್ರಾವಣದ ಜೊತೆ ಚೂರು ಟರ್ಶಿಯರಿ ಬ್ಯೂಟನಾಲ್. ಒಳಗಿನ ಸಣ್ಣ ಟ್ಯೂಬಿನಲ್ಲಿ ಅದೇ ಸಾಲ್ವೆಂಟ್, ಅದೇ ಬ್ಯೂಟನಾಲ್, ಕೋಬಾಲ್ಟ್ ಮಾತ್ರ ಇಲ್ಲ. ಒಂದೇ ಮೀಥೈಲ್‌ಗೆ ಎರಡು ಪೀಕು ಕಾಣುತ್ತದೆ. ನಡುವಿನ ಹರ್ಟ್ಜ್‌ನಿಂದ ಸಸೆಪ್ಟಿಬಿಲಿಟಿ, ಅಂದರೆ ಅದು ಎಷ್ಟು ಕಾಂತವಾಗುತ್ತದೆ ಅನ್ನುವ ಅಳತೆ, ಸಿಗುತ್ತದೆ. ಅದರಿಂದ ಮೊಮೆಂಟ್, ಮೊಮೆಂಟ್‌ನಿಂದ ಜೋಡಿಯಿಲ್ಲದ ಎಲೆಕ್ಟ್ರಾನ್ ಎಷ್ಟು ಅಂತ ಗೊತ್ತಾಗುತ್ತದೆ.

ನಾನು ಬಿದ್ದದ್ದು ಇಲ್ಲೇ. ನನ್ನದು ವನೇಡಿಯಂ(III), ಇರುವುದೇ ಎರಡು ಡಿ ಎಲೆಕ್ಟ್ರಾನ್. 2.8ರ ಹತ್ತಿರ ಬರಬೇಕಾದ ಮೊಮೆಂಟ್ (ಬೋರ್ ಮ್ಯಾಗ್ನೆಟಾನ್ ಅನ್ನುವ ಮಾನದಲ್ಲಿ) 3.9 ಬಂತು. ಮೂರು ಎಲೆಕ್ಟ್ರಾನಿಗೆ 3.87 ಅಲ್ವಾ! ಕಾಂಪೌಂಡ್ ವನೇಡಿಯಂ(II) ಆಗಿಬಿಟ್ಟಿದೆ ಅಂತ ಖುಷಿಯಿಂದ ಅರ್ಧ ಅಧ್ಯಾಯ ಬರೆದೆ. ಆದರೆ ನಾನು ಹಾಕಿದ್ದು ಹಳೇ ಕಬ್ಬಿಣದ ಮ್ಯಾಗ್ನೆಟ್‌ಗಳ ಸೂತ್ರ. ಅವುಗಳಲ್ಲಿ ಫೀಲ್ಡ್ ಟ್ಯೂಬಿಗೆ ಅಡ್ಡಲಾಗಿ ಹಾಯುತ್ತಿತ್ತು, 2π/3 ಹಾಕುತ್ತಿದ್ದರು. ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್‌ನಲ್ಲಿ ಫೀಲ್ಡ್ ಟ್ಯೂಬಿನ ಉದ್ದಕ್ಕೂ ಇರುತ್ತದೆ, 4π/3 ಹಾಕಬೇಕು. ಶಿಫ್ಟ್ ಆಗುವ ದಿಕ್ಕೂ ಉಲ್ಟಾ. ನನ್ನ ಸಸೆಪ್ಟಿಬಿಲಿಟಿ ಎರಡು ಪಟ್ಟಾಯಿತು, ಅದರ ವರ್ಗಮೂಲಕ್ಕೆ ತಕ್ಕಂತೆ ಬರುವ ಮೊಮೆಂಟ್ 1.41 ಪಟ್ಟು. ತಪ್ಪು ಉತ್ತರ ಅಷ್ಟು ಚೆಂದವಾಗಿ ಹೊಂದಿಕೊಂಡಾಗ ಯಾರಿಗೆ ಅನುಮಾನ ಬರುತ್ತೆ ಹೇಳು? ಆ ಅಧ್ಯಾಯ ಹರಿದು ಹಾಕಿದ್ದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ನಿನ್ನ ದ್ರಾವಣ ಲೀಟರಿಗೆ 0.010 ಮೋಲ್, ಮೆಷಿನ್ 400 ಮೆಗಾಹರ್ಟ್ಜ್ ಅಂದಿದ್ದೆ. ಬರೀ ಸ್ಪಿನ್ ಲೆಕ್ಕದಲ್ಲಿ, 298 ಕೆಲ್ವಿನ್‌ನಲ್ಲಿ, ಎರಡು ಪೀಕಿನ ನಡುವೆ ಸುಮಾರು 105 ಹರ್ಟ್ಜ್ ಬರಬೇಕು. ಇನ್ನೂ ಜಾಸ್ತಿ ಬಂದರೆ ಗಾಬರಿ ಬೇಡ. ಕೋಬಾಲ್ಟ್‌ನಲ್ಲಿ ಸ್ಪಿನ್ ಜೊತೆಗೆ ಆರ್ಬಿಟಲ್‌ನ (ಎಲೆಕ್ಟ್ರಾನ್ ಚಲನೆಯ) ಪಾಲೂ ಸೇರುತ್ತದೆ, ಸುತ್ತಲಿನ ಆರು ಪರಮಾಣುಗಳ ಕೈ ಹಿಡಿದ ಕೋಬಾಲ್ಟ್ ಸಾಮಾನ್ಯವಾಗಿ 4.3ರಿಂದ 5.2 ಮೊಮೆಂಟ್ ಕೊಡುತ್ತದೆ. ಡಯಾಮ್ಯಾಗ್ನೆಟಿಕ್ ತಿದ್ದುಪಡಿ (ಜೋಡಿಯಾದ ಎಲೆಕ್ಟ್ರಾನ್‌ಗಳ ಉಲ್ಟಾ ಕಾಂತತೆಯ ಲೆಕ್ಕ) ಚಿಕ್ಕದು, ಆದರೂ ಹಾಕು.

ದೂರದ ಮೀಥೈಲ್ ಕೂಡ ಸರಿದಿದ್ದರೆ ಅದು ಬೇರೆ ಕಥೆ. ಅಣುವಿನ ಸಸೆಪ್ಟಿಬಿಲಿಟಿ ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದರೆ ಬಾಂಡ್ ದಾಟದೆಯೂ ಪೀಕು ಸರಿಯುತ್ತದೆ. ಅದು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಅಣುವಿನ ಕಾಂತ ಅಕ್ಷದಿಂದ 54.7 ಡಿಗ್ರಿ ದಾಟಿದರೆ ಚಿಹ್ನೆಯೂ ಬದಲಾಗುತ್ತದೆ. ಅದನ್ನು ಆಮೇಲೆ ಕೂತು ಬಿಡಿಸೋಣ.

ಸದ್ಯಕ್ಕೆ ತೂಕ, ಹರ್ಟ್ಜ್, ಟೆಂಪರೇಚರ್ ಮೂರನ್ನೂ ಕಳಿಸು. ಟೆಂಪರೇಚರ್ ಪರದೆ ಮೇಲಿನದ್ದಲ್ಲ, ಮೆಥನಾಲ್ ಟ್ಯೂಬ್ ಇಟ್ಟು ಅಳೆದದ್ದು.

ಇಂತಿ ನಿನ್ನ
ಚಿಕ್ಕಮ್ಮ