‘ಹಳೇ ಮೆಷಿನ್’ ಎಂಬ ನೆಪ: ಎಸ್‌ಎಸ್‌ಡಿ ಜೋಡಣೆಯ ಲೋಪಗಳ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಲ್ಯಾಪ್‌ಟಾಪ್ ಸರ್ವೀಸ್ ಸೆಂಟರ್

ವಿಷಯ: 500 ಜಿಬಿ ಹಾರ್ಡ್ ಡಿಸ್ಕ್ ತೆಗೆದು 1 ಟಿಬಿ ಎಸ್‌ಎಸ್‌ಡಿ ಹಾಕಿದ ಕೆಲಸ ಸರಿಯಾಗಿಲ್ಲದಿರುವುದು

ಮಾನ್ಯರೇ,

ಎಸ್‌ಎಸ್‌ಡಿ ಹಾಕಿದ ಮೇಲೂ ಲ್ಯಾಪ್‌ಟಾಪ್ ಆಗಾಗ ಅರ್ಧ ನಿಮಿಷ ಸ್ತಬ್ಧವಾಗುತ್ತಿದೆ, ಜಾಗವೂ ಹೆಚ್ಚಿಲ್ಲ. ಕೌಂಟರಿನಲ್ಲಿ ಸಿಕ್ಕ ಉತ್ತರ: ‘ಹಳೇ ಮೆಷಿನ್ ಸಾರ್, ಇಷ್ಟೇ.’ ವೇಗದ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಇದರ ಮದರ್‌ಬೋರ್ಡಿನದ್ದು ಹಳೆಯ ಎಚ್‌ಎಂ55 ಚಿಪ್‌ಸೆಟ್, ಡ್ರೈವ್ ಜೋಡಿಸುವ ಸಾಟಾ ಸಂಪರ್ಕ ಸೆಕೆಂಡಿಗೆ 3 ಗಿಗಾಬಿಟ್ ದಾಟುವುದಿಲ್ಲ. ಡಬ್ಬಿಯ ಮೇಲೆ ಸೆಕೆಂಡಿಗೆ 550 ಎಂಬಿ ಎಂದಿದ್ದರೂ ಇಲ್ಲಿ 270ರ ಆಸುಪಾಸು ಬಂದರೆ ಅದು ನಿಮ್ಮ ತಪ್ಪಲ್ಲ. ಉಳಿದ ಯಾವುದಕ್ಕೂ ಮೆಷಿನ್ನಿನ ವಯಸ್ಸು ಕಾರಣವಲ್ಲ.

ಹಳೆಯ ಡಿಸ್ಕ್ 9.5 ಮಿ.ಮೀ. ದಪ್ಪ, ಎಸ್‌ಎಸ್‌ಡಿ 7 ಮಿ.ಮೀ. ನಡುವಿನ 2.5 ಮಿ.ಮೀ.ಗೆ ಸ್ಪೇಸರ್ ಬೇಕು. ಅದಿಲ್ಲದೆ ರಬ್ಬರ್ ರೈಲಿನಲ್ಲಿ ಹಾಗೇ ತೂರಿಸಿದ್ದಾರೆ. ಲ್ಯಾಪ್‌ಟಾಪ್ ಎತ್ತಿದಾಗಲೆಲ್ಲ ಡ್ರೈವ್ ಅಲುಗಾಡಿ ಕನೆಕ್ಟರ್ ಸಡಿಲವಾಗುತ್ತದೆ. ಡ್ರೈವ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ಸ್ಮಾರ್ಟ್ ವರದಿಯಲ್ಲಿ ಸಿ7, ಅಂದರೆ ಸಂಪರ್ಕದಲ್ಲಿ ದತ್ತಾಂಶ ಸಾಗುವಾಗ ಆಗುವ ಸಿಆರ್‌ಸಿ ದೋಷಗಳ ಎಣಿಕೆ, ಒಂದು ವಾರದಲ್ಲಿ 87ರಿಂದ 143ಕ್ಕೆ ಏರಿದೆ. ಈ ಸಂಖ್ಯೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ಹಾಗಾಗಿ ಎಷ್ಟಿದೆ ಎನ್ನುವುದಕ್ಕಿಂತ ಇನ್ನೂ ಏರುತ್ತಿದೆಯೇ ಎಂದು ನೋಡಬೇಕು. ಮಡಿಸಿದ ರಟ್ಟನ್ನು ಸಂದಿಗೆ ಇಟ್ಟು ನೋಡಿದ 4 ದಿನ ಅದು 143ರಲ್ಲೇ ನಿಂತಿತ್ತು, ಮೆಷಿನ್ ಒಮ್ಮೆಯೂ ಸ್ತಬ್ಧವಾಗಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಜಾಗ. ಹಳೆಯ ಡಿಸ್ಕನ್ನು ಎಸ್‌ಎಸ್‌ಡಿಗೆ ಕ್ಲೋನ್ (ಯಥಾವತ್ ನಕಲು) ಮಾಡಿದವರು ಅದರ ವಿಭಾಗಗಳನ್ನು ಇದ್ದಂತೆಯೇ ಇಳಿಸಿದ್ದಾರೆ. ಸಿ ಡ್ರೈವ್ 450 ಜಿಬಿ, ಅದರ ಬಲಕ್ಕೆ 15 ಜಿಬಿಯ ರಿಕವರಿ ವಿಭಾಗ, ಆಮೇಲೆ ಸುಮಾರು 465 ಜಿಬಿ ಖಾಲಿ ಬಿದ್ದಿದೆ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಪಕ್ಕಕ್ಕೇ ಅಂಟಿಕೊಂಡ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ, ಆದ್ದರಿಂದ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಸುಕಾಗಿಯೇ ಇದೆ. ರಿಕವರಿ ವಿಭಾಗವನ್ನು ಪಾರ್ಟಿಷನ್ ತಂತ್ರಾಂಶದಿಂದ ಕೊನೆಗೆ ಸರಿಸಿ, ಸಿ ಡ್ರೈವ್ ಹಿಗ್ಗಿಸಿ ಕೊಡುವುದು ಕ್ಲೋನಿಂಗ್ ಕೆಲಸದ್ದೇ ಭಾಗ. ಬಿಲ್ಲಿನಲ್ಲಿ ಅದಕ್ಕೆ ಬೇರೆಯೇ ಹಣ ಹಿಡಿದಿದ್ದೀರಿ.

ಎಲ್ಲಕ್ಕಿಂತ ಗಂಭೀರವಾದದ್ದು: ‘ಹೊಸದು’ ಎಂದು ಬಿಲ್ ಮಾಡಿದ ಈ ಎಸ್‌ಎಸ್‌ಡಿ, ಸ್ಮಾರ್ಟ್ ವರದಿಯ ಪ್ರಕಾರ, ಜೋಡಿಸಿದ ದಿನವೇ 4,116 ಗಂಟೆ ಓಡಿತ್ತು. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆಯೂ ಇಲ್ಲ.

ಹಳೆಯ ಡಿಸ್ಕ್ ಕೂಡ ವಾಪಸ್ ಬಂದಿಲ್ಲ. ‘ಫಾರ್ಮ್ಯಾಟ್ ಮಾಡಿದ್ದೇವೆ’ ಎಂಬುದು ಸಮಾಧಾನವಲ್ಲ. ಕ್ವಿಕ್ ಫಾರ್ಮ್ಯಾಟ್‌ನಲ್ಲಿ ಕಡತಗಳ ಸೂಚಿ ಹೋಗುತ್ತದೆಯೇ ಹೊರತು ಕಡತಗಳು ಅಲ್ಲೇ ಇರುತ್ತವೆ.

15 ದಿನಗಳೊಳಗೆ ಸೀಲ್ ಒಡೆಯದ 1 ಟಿಬಿ ಎಸ್‌ಎಸ್‌ಡಿಯನ್ನು ಸ್ಪೇಸರ್ ಸಹಿತ ಹಾಕಿ, ವಿಭಾಗಗಳನ್ನು ಸರಿಪಡಿಸಿ, ಸೀರಿಯಲ್ ಸಂಖ್ಯೆಯಿರುವ ಬಿಲ್ ಮತ್ತು ಹಳೆಯ ಡಿಸ್ಕ್ ಕೊಡಬೇಕು. ಇಲ್ಲವಾದರೆ 1915 ಗ್ರಾಹಕ ಸಹಾಯವಾಣಿಗೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೂ ದೂರು ಹೋಗುತ್ತದೆ.

ಇತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ ನಕಲು, ಜೋಡಿಸಿದ ದಿನದ ಮತ್ತು ನಂತರದ ಸ್ಮಾರ್ಟ್ ವರದಿಗಳು, ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಚಿತ್ರ