ಸ್ಟೀರಿಂಗ್ ಬಿಗಿಯಾದಾಗ ಮೊದಲು ನೋಡಬೇಕಾದದ್ದು

ಮಂಡ್ಯ

ಪ್ರೀತಿಯ ಮಗಳು ಸಹನಾಳಿಗೆ ಅಮ್ಮನ ಆಶೀರ್ವಾದಗಳು.

ಸ್ಟೀರಿಂಗ್ ಕಾಲಮ್, ಅಂದರೆ ಸ್ಟೀರಿಂಗ್ ಚಕ್ರದಿಂದ ಕೆಳಗಿಳಿಯುವ ಕಂಬವನ್ನು, ಪೂರ್ತಿ ಬದಲಿಸಬೇಕೆಂಬ ಗ್ಯಾರೇಜಿನವರ ಮಾತಿಗೆ ನೀನು ಇನ್ನೂ ಒಪ್ಪಿಗೆ ಕೊಟ್ಟಿಲ್ಲವೆಂದು ತಿಳಿದು ಸಮಾಧಾನವಾಯಿತು. ಈಗಲೇ ಕೊಡಲೂಬೇಡ. ಬೆಂಗಳೂರು ಹೆದ್ದಾರಿಯಲ್ಲಿ ಓಡಿಸುವಾಗ ಏನೂ ತೊಂದರೆಯಿಲ್ಲ, ದೇವರಾಜ ಮಾರುಕಟ್ಟೆಯ ಬಳಿ ಇಕ್ಕಟ್ಟಿನಲ್ಲಿ ಹಿಂದೆ ಮುಂದೆ ಮಾಡಿ ನಿಲ್ಲಿಸುವಾಗ, ಅದರಲ್ಲೂ ಎ.ಸಿ.ಯೂ ಹೆಡ್‌ಲೈಟೂ ಚಾಲೂ ಇದ್ದಾಗ, ಸ್ಟೀರಿಂಗ್ ಬಿಗಿಯಾಗಿ ಹಳದಿ ದೀಪ ಹತ್ತುತ್ತದೆ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎಂದು ನೀನು ಹೇಳಿದೆಯಲ್ಲ, ಆ ವಿವರವನ್ನು ಗ್ಯಾರೇಜಿನಲ್ಲಿ ಯಾರೂ ಕಿವಿಗೊಟ್ಟು ಕೇಳಿದಂತಿಲ್ಲ.

ನಿನ್ನ ಕಾರಿನಲ್ಲಿ ಹಳೆಯ ಕಾರುಗಳಂತೆ ಸ್ಟೀರಿಂಗ್ ಆಯಿಲ್, ಪಂಪು, ಬೆಲ್ಟು ಯಾವುದೂ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಕಾಲಮ್ಮಿಗೆ ಜೋಡಿಸಿದ ಒಂದು ಮೋಟಾರು ನಿನ್ನ ಕೈಗೆ ಬಲ ಕೊಡುತ್ತದೆ. ನೀನು ಸ್ಟೀರಿಂಗ್ ಚಕ್ರ ತಿರುಗಿಸಿದಾಗ ಒಳಗಿನ ಸಣ್ಣ ಸರಳು ತುಸು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಟಾರ್ಕ್ ಸೆನ್ಸರ್ ಅಳೆದು ಹೇಳುತ್ತದೆ, ಕಂಟ್ರೋಲ್ ಯೂನಿಟ್ ಗಾಡಿಯ ವೇಗವನ್ನೂ ನೋಡಿಕೊಂಡು ಮೋಟಾರಿಗೆ ಎಷ್ಟು ಕರೆಂಟ್ ಕೊಡಬೇಕೆಂದು ತೀರ್ಮಾನಿಸುತ್ತದೆ. ಹೆದ್ದಾರಿಯಲ್ಲಿ ಮೋಟಾರಿಗೆ ಹೆಚ್ಚು ಕೆಲಸವಿಲ್ಲ. ನಿಂತ ಕಾರಿನಲ್ಲಿ ಸ್ಟೀರಿಂಗ್ ತಿರುಗಿಸುವಾಗಲಾದರೋ ಅದು ಹತ್ತಾರು ಆಂಪಿಯರ್ ಎಳೆಯುತ್ತದೆ, ಎಂಜಿನ್ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಧಾನವಾಗಿ ಓಡುತ್ತಿರುವುದರಿಂದ, ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಕೊಡುವುದೂ ಆಗಲೇ ಕಡಿಮೆ. ವೋಲ್ಟೇಜ್ ಒಂದು ಮಿತಿಗಿಂತ ಕುಸಿದರೆ ಯೂನಿಟ್ ಸಹಾಯವನ್ನು ನಿಲ್ಲಿಸಿ ದೀಪ ಹತ್ತಿಸುತ್ತದೆ. ಆದ್ದರಿಂದ ನನ್ನ ಮೊದಲ ಅನುಮಾನ ಮೋಟಾರಿನ ಮೇಲಲ್ಲ, ಅದಕ್ಕೆ ಬರುವ ಕರೆಂಟಿನ ಮೇಲೆ.

ಬ್ಯಾಟರಿಯನ್ನು ರಾತ್ರಿಯಿಡೀ ಸುಮ್ಮನೆ ಬಿಟ್ಟು ಬೆಳಿಗ್ಗೆ ಅಳೆದರೆ ಸುಮಾರು 12.6 ವೋಲ್ಟ್ ಇರಬೇಕು, 12.2ಕ್ಕಿಂತ ಕೆಳಗಿದ್ದರೆ ಅರ್ಧದಷ್ಟು ಖಾಲಿಯಾಗಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರ ನಡುವೆ ಇರುತ್ತದೆ. ಟರ್ಮಿನಲ್‌ಗಳ ಮೇಲೆ ಬಿಳಿಯ ಅಥವಾ ಹಸಿರು ಕಿಲುಬು ಕಟ್ಟಿದೆಯೇ, ಕ್ಲಾಂಪನ್ನು ಕೈಯಿಂದ ಅಲ್ಲಾಡಿಸಿದರೆ ಕದಲುತ್ತದೆಯೇ ನೋಡು.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ಆದರೆ ಬ್ಯಾಟರಿ ಚೆನ್ನಾಗಿದ್ದ ಮಾತ್ರಕ್ಕೆ ಯೂನಿಟ್ಟಿಗೆ ಕರೆಂಟ್ ಪೂರ್ತಿ ಮುಟ್ಟುತ್ತಿದೆ ಎಂದು ಹೇಳಲಾಗದು. ತೂಬಿನಲ್ಲಿ ನೀರು ತುಂಬಿ ಹರಿದರೂ ನಾಲೆಯ ಕೊನೆಯ ಗದ್ದೆಗೆ ಬರುವುದಿಲ್ಲವೆಂಬುದನ್ನು ನಮ್ಮ ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದನ್ನು ಪರೀಕ್ಷಿಸುವುದು ಹೀಗೆ. ಎಂಜಿನ್ ಐಡಲಿನಲ್ಲಿರಲಿ. ಮಲ್ಟಿಮೀಟರನ್ನು ಡಿ.ಸಿ. ವೋಲ್ಟಿನಲ್ಲಿಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಕೆಂಪು ಕಡ್ಡಿಯನ್ನು ಸ್ಟೀರಿಂಗ್ ಯೂನಿಟ್ಟಿನ ದಪ್ಪ ಅರ್ತ್ ವೈರಿಗೂ (ಕರೆಂಟ್ ಬ್ಯಾಟರಿಗೆ ಮರಳುವ ವೈರು) ಹಿಡಿದು, ಇನ್ನೊಬ್ಬರು ನಿಂತ ಕಾರಿನಲ್ಲಿಯೇ ಸ್ಟೀರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತಿರುವಾಗ ಓದಬೇಕು. 0.2 ವೋಲ್ಟಿನೊಳಗೆ ಇದ್ದರೆ ಅರ್ತ್ ಸರಿಯಾಗಿದೆ. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಆ ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದಿದೆ ಅಥವಾ ಬೋಲ್ಟು ಸಡಿಲವಾಗಿದೆ. ಬ್ಯಾಟರಿಯ ಪಾಸಿಟಿವ್ ಕಂಬದಿಂದ ದೊಡ್ಡ ಫ್ಯೂಸಿನ ಮೂಲಕ ಯೂನಿಟ್ಟಿಗೆ ಬರುವ ವೈರನ್ನೂ ಹೀಗೆಯೇ ಅಳೆಯಬೇಕು. ಗ್ಯಾರೇಜಿನಲ್ಲಿ ವೈರಿನ ಎರಡು ತುದಿಗೆ ಕಡ್ಡಿ ಮುಟ್ಟಿಸಿ ‘ಬೀಪ್ ಬಂತು, ವೈರು ಸರಿಯಿದೆ’ ಎಂದರೆ ದಯವಿಟ್ಟು ನಂಬಬೇಡ. ವೈರಿನ ಒಂದೇ ಎಳೆ ಉಳಿದಿದ್ದರೂ ಮೀಟರು ಬೀಪ್ ಎನ್ನುತ್ತದೆ. ಹತ್ತಾರು ಆಂಪಿಯರ್ ಹರಿಯಬೇಕಾದಾಗ ಆ ಒಂದು ಎಳೆಯಿಂದ ಏನೂ ಆಗುವುದಿಲ್ಲ.

ಕಾರಿನ ಯೂನಿಟ್ಟುಗಳು ದೋಷ ಕಂಡಾಗ ದಾಖಲಿಸಿಡುವ ಎರರ್ ಕೋಡ್ ಓದಿಸುವಾಗಲೂ ಎಚ್ಚರವಿರಲಿ. ಅಗ್ಗದ ಸ್ಕ್ಯಾನರುಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡುಗಳನ್ನಷ್ಟೇ ಓದುತ್ತವೆ. ಸ್ಟೀರಿಂಗ್ ಯೂನಿಟ್ಟಿನೊಳಗೆ ಹೋಗಬಲ್ಲದ್ದೇ ಬೇಕು. ಅಳಿಸುವ ಮೊದಲು ಎಲ್ಲ ಕೋಡುಗಳ ಫೋಟೋ ತೆಗೆದುಕೋ. ವೋಲ್ಟೇಜ್ ಕಡಿಮೆಯೆಂಬ ಕೋಡ್ ಜೊತೆಯಲ್ಲಿದ್ದರೆ, ಮಿಕ್ಕ ಕೋಡುಗಳು ಅದರ ಪರಿಣಾಮವೇ ಇರಬಹುದು, ಅದನ್ನು ಸರಿಪಡಿಸದೆ ಅವನ್ನು ನಂಬಿ ಹಣ ಸುರಿಯುವುದು ಸರಿಯಲ್ಲ. ಕೈಬಿಟ್ಟಾಗ ಕಾರು ತಾನಾಗಿ ಒಂದೇ ಕಡೆಗೆ ಎಳೆಯುತ್ತಿದ್ದು, ಟಾರ್ಕ್ ಸೆನ್ಸರಿನ ಅಂಕಿ ಸೊನ್ನೆಯ ಹತ್ತಿರ ನಿಲ್ಲದಿದ್ದರೆ, ಆಗ ಕಾಲಮ್ಮಿನ ಬಗ್ಗೆ ಮಾತಾಡಲು ಕಾರಣವಿದೆ.

ಮುಂದಿನ ಟೈರುಗಳ ಗಾಳಿಯನ್ನು ಒಮ್ಮೆ ನೋಡಿಸು. ಗಾಳಿ ಕಡಿಮೆಯಾದರೂ ಸ್ಟೀರಿಂಗ್ ಬಿಗಿಯಾಗುತ್ತದೆ, ಆದರೆ ಸ್ಟೀರಿಂಗಿನ ದೀಪ ಹತ್ತುವುದಿಲ್ಲ.

ಕಾಲಮ್ಮಿನ ಕವರನ್ನು ಮಾತ್ರ ನೀನಾಗಿ ಬಿಚ್ಚಬೇಡ, ಅಲ್ಲಿರುವ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು. ಸಹಾಯ ನಿಂತರೂ ಚಕ್ರಕ್ಕೂ ಟೈರಿಗೂ ಇರುವ ಕಬ್ಬಿಣದ ಸಂಬಂಧ ತಪ್ಪುವುದಿಲ್ಲವಾದ್ದರಿಂದ ಗಾಡಿ ತಿರುಗದೆ ಹೋಗುವುದಿಲ್ಲ, ಕೈಗೆ ಬಲ ಬೇಕಾಗುತ್ತದೆ ಅಷ್ಟೇ. ಆದರೂ ತಿರುವಿನ ನಡುವೆ ಹಾಗಾದರೆ ಅಪಾಯ. ರಿಪೇರಿಯಾಗುವವರೆಗೆ ಚಾಮುಂಡಿ ಬೆಟ್ಟದ ರಸ್ತೆಗೆ ಈ ಕಾರು ಬೇಡ. ಭಾನುವಾರ ಬೆಳಗಿನ ರೈಲಿಗೆ ಮಲ್ಟಿಮೀಟರ್ ತೆಗೆದುಕೊಂಡು ಬರುತ್ತೇನೆ. ಶನಿವಾರ ರಾತ್ರಿ ಕಾರನ್ನು ನಿಲ್ಲಿಸಿದ ಮೇಲೆ ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡ, ಬ್ಯಾಟರಿಯ ನಿಜವಾದ ಅಂಕಿ ಸಿಗಬೇಕು.

ಇಂತಿ ನಿನ್ನ,
ಅಮ್ಮ